ಅಜ್ಜಿಯ ಕಾಲು, ನನ್ನ ಹಲ್ಲು

ಪ್ರೀತಿಯ ಮಗಳೇ,

ಯಾವ ಫೋಟೋದಲ್ಲೂ ಅಪ್ಪ ಯಾಕೆ ಬಾಯಿ ಮುಚ್ಚಿಕೊಂಡೇ ನಗೋದು ಅಂತ ಮೊನ್ನೆ ಕೇಳಿದೆಯಲ್ಲ, ಅವತ್ತು ಮಾತು ಹಾರಿಸಿದೆ. ಈಗ ನೀನು ಹಳ್ಳಿಗಳ ಕುಡಿಯುವ ನೀರಿನ ಕೆಲಸಕ್ಕೇ ಸೇರಿದ್ದೀಯ, ಹೇಳಿಬಿಡುತ್ತೇನೆ.

ಅಜ್ಜಿಯ ಹಿಮ್ಮಡಿ ಹತ್ತಿರ ಒಂದು ಕಲೆ ಇದೆ, ನೋಡಿದ್ದೀಯಾ? ಅದು ನಾರುಹುಣ್ಣು. ಆಗ ನಮ್ಮ ರಾಯಚೂರು ಕಡೆ ಎಲ್ಲರೂ ಪಾವಟಿಗೆ ಬಾವಿಗೆ ಇಳಿದೇ ಕೊಡ ತುಂಬುತ್ತಿದ್ದರು. ನೀರಿನ ಜೊತೆ ಹೊಟ್ಟೆ ಸೇರಿದ ಹುಳ ಒಂದು ವರ್ಷ ಸುಮ್ನಿದ್ದು, ಆಮೇಲೆ ಕಾಲಲ್ಲಿ ಬೊಬ್ಬೆ ಎದ್ದು, ಬಿಳಿ ದಾರದ ಹಾಗೆ ಹೊರಗೆ ಇಣುಕುತ್ತಿತ್ತು. ಕಡ್ಡಿಗೆ ಸುತ್ತಿ ದಿನಾ ಸ್ವಲ್ಪ ಸ್ವಲ್ಪವೇ ಎಳೆಯಬೇಕು. ಉರಿ ತಾಳಲಾರದೆ ಅದೇ ಬಾವಿಯಲ್ಲಿ ಕಾಲಿಟ್ಟರೆ ಅದರ ಮರಿಗಳೆಲ್ಲ ಮತ್ತೆ ನೀರಿಗೆ!

ಸರ್ಕಾರ ಬಾವಿ ಬಿಡಿಸಿ ಬೋರಿಂಗ್ ಹಾಕಿಸಿತು, ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಅಂದಿತು. 1996ರಲ್ಲಿ ರಾಜಸ್ಥಾನದಲ್ಲಿ ಸಿಕ್ಕ ರೋಗಿಯೇ ಕೊನೆ, 2000ದಲ್ಲಿ ದೇಶದಲ್ಲೇ ನಾರುಹುಣ್ಣು ಇಲ್ಲ ಅಂತ ಘೋಷಣೆಯಾಯಿತು. ಇದನ್ನು ಯಾರಾದರೂ ಸಣ್ಣ ಕೆಲಸ ಅಂದರೆ ನನಗೆ ಸಿಟ್ಟು ಬರುತ್ತದೆ.

ಆದರೆ ಆ ಬೋರಿಂಗ್ ನೀರು ಕುಡಿದು ಬೆಳೆದವನು ನಾನು. ತಣ್ಣಗೆ, ತಿಳಿಯಾಗಿತ್ತು. ಕಲ್ಲಿನ ಫ್ಲೋರೈಡ್ ಅದರಲ್ಲಿ ಕರಗಿದೆ ಅಂತ ಯಾರಿಗೆ ಗೊತ್ತು? ಬಣ್ಣ ಇಲ್ಲ, ವಾಸನೆ ಇಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದಂತೆ, ನಮ್ಮೂರಲ್ಲಿ ಆಗ ಅಳೆದವರೇ ಇಲ್ಲ. ನೀರು ಚೆನ್ನಾಗಿದೆಯಾ ಅಂದರೆ ಹುಳ ಇದೆಯಾ ಅಂತ ನೋಡುವುದು, ಅಷ್ಟೇ. ಹಾಲುಹಲ್ಲು ಬಿದ್ದು ಹೊಸವು ಬಂದಾಗ ಆ ಫ್ಲೋರೈಡಿನಿಂದಲೇ ಅಡ್ಡಡ್ಡ ಕಂದು ಗೆರೆ. ಇದ್ದಿಲು, ಉಪ್ಪು ಹಾಕಿ ತಿಕ್ಕಿ ತಿಕ್ಕಿ ವಸಡಲ್ಲಿ ರಕ್ತ ಬಂತು, ಗೆರೆ ಹೋಗಲಿಲ್ಲ. ಬೀಡಿ ಸೇದ್ತೀಯೇನೋ ಅಂತ ಮೇಷ್ಟ್ರು ಕೇಳಿದ್ದರು, ನಾಲ್ಕನೇ ಕ್ಲಾಸಿನ ಹುಡುಗನನ್ನ! ಕಾಯಿಸಿ ಕುಡಿಸಿ ಅಂದರು ಒಬ್ಬ ಡಾಕ್ಟರು. ಅಜ್ಜಿ ಪಾಪ ದಿನಾ ಕಾಯಿಸಿದಳು. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಅದು ಇನ್ನೂ ಜಾಸ್ತಿ. ಹುಳದ ನೀರು ಕುಡಿದು ಬೆಳೆದ ಅವಳ ಹಲ್ಲು ಮಾತ್ರ ಇವತ್ತಿಗೂ ಬೆಳ್ಳಗಿವೆ.

ಬಾಂಗ್ಲಾದೇಶದಲ್ಲೂ ಹೀಗೇ ಆಯಿತು. ಕೆರೆ ನೀರಿಂದ ವಾಂತಿಭೇದಿ ಅಂತ ಊರೂರಿಗೆ ಕೊಳವೆಬಾವಿ ಕೊರೆದರು, 1993ರಲ್ಲಿ ನೋಡಿದರೆ ಅದರಲ್ಲಿ ಆರ್ಸೆನಿಕ್ ಅನ್ನೋ ವಿಷ!

ಈಗ ಊರಲ್ಲಿ ಫಿಲ್ಟರ್ ಘಟಕ ಬಂದಿದೆ. ಕಾಯಿನ್ ಹಾಕಿ ಕ್ಯಾನ್ ತುಂಬುತ್ತಾರೆ. ಆದರೆ ದುಡ್ಡು ಉಳಿಯಲಿ ಅಂತ ಅಡುಗೆಗೆ ಬೋರಿಂಗ್ ನೀರೇ. ಹಾಗಾಗಿ ನೀನು ಹೋದಲ್ಲೆಲ್ಲ, ಯಾವ ನೀರು ಕುಡಿಯುತ್ತೀರಿ ಅಂತ ಕೇಳಿ ಬಂದುಬಿಡಬೇಡ. ಅನ್ನಕ್ಕೆ, ಸಾರಿಗೆ ಯಾವುದು ಅಂತಲೂ ಕೇಳು. ಶಾಲೆಗೆ ಹೋದರೆ ಮಕ್ಕಳನ್ನು ಒಂದು ಸಲ ನಗಿಸಿ ನೋಡು.

ನಿನ್ನ
ಅಪ್ಪ