ಕಾರ್ಡ್ ಕೊಳ್ಳುವ ಮುಂಚೆ ಕ್ಯಾಬಿನೆಟ್ ಬಿಚ್ಚಿ ನೋಡಿ

ಮಾನ್ಯರೇ,

ಪರೀಕ್ಷೆ ಮುಗಿದಿದೆ, ರೋಬಸ್ಟಾ ಕಾಫಿಯ ಹಣವೂ ಹೆಚ್ಚಿನವರ ಕೈಸೇರಿದೆ. ಈಗ ಮಕ್ಕಳದ್ದು ಒಂದೇ ಹಟ: ಮೂಲೆಯಲ್ಲಿರುವ ಹಳೆ ಕಂಪ್ಯೂಟರಿಗೆ ಗ್ರಾಫಿಕ್ಸ್ ಕಾರ್ಡ್ ಹಾಕಿಸಿಕೊಡಿ, ಗೇಮ್ ಆಡಬೇಕು. ಆ ಕಂಪ್ಯೂಟರ್ ಸಾಮಾನ್ಯವಾಗಿ ತೋಟದ ಆಫೀಸಿನಲ್ಲೋ ಹೋಂಸ್ಟೇ ಕೌಂಟರಿನಲ್ಲೋ ದುಡಿದು ಮನೆಗೆ ಬಂದದ್ದು, ಇಲ್ಲವೇ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ರೀಫರ್ಬಿಷ್ಡ್ ಎಂದು ತಂದದ್ದು. ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್, ಹೆಚ್ಚಾಗಿ ಈ ಮೂರರಲ್ಲಿ ಒಂದು. ಮಾಲು ಗಟ್ಟಿಯೇ, ಆದರೆ ಟ್ಯಾಲಿ, ಎಕ್ಸೆಲ್‌ಗೆಂದು ಮಾಡಿದ್ದು. ಅಂಗಡಿಗೆ ಬಂದವರು ‘ಯಾವ ಕಾರ್ಡ್ ಒಳ್ಳೆಯದು?’ ಎಂದು ಕೇಳುತ್ತಾರೆ. ಅದಕ್ಕಿಂತ ಮೊದಲು ಕೇಳಬೇಕಾದ್ದು, ಈ ಡಬ್ಬಿಯೊಳಗಿನ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ, ಎಷ್ಟು ಹೊರುತ್ತದೆ ಎಂದು. ತಪ್ಪು ಕಾರ್ಡ್ ತಂದು ಬದಲಿಸಲು ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ. ಹೋಗಿ ಬರುವ ಬದಲು ಹತ್ತು ನಿಮಿಷ ಮನೆಯಲ್ಲೇ ಕೂತು ನೋಡಬಹುದು.

ಪ್ಲಗ್ ಕಿತ್ತು, ಪವರ್ ಬಟನ್ ಅನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಆಮೇಲೆ ಪಕ್ಕದ ಬಾಗಿಲು ತೆಗೆಯಿರಿ. ಎಸ್‌ಎಂಪಿಎಸ್ ಮೇಲೊಂದು ಲೇಬಲ್ ಇರುತ್ತದೆ. ಅದರಲ್ಲಿ ದೊಡ್ಡಕ್ಷರದ ಒಟ್ಟು ವ್ಯಾಟ್ ಬದಿಗಿರಲಿ, +12 ವೋಲ್ಟ್ ಎಂಬ ಸಾಲು ಹುಡುಕಿ. ಪ್ರೊಸೆಸರ್, ಕಾರ್ಡ್ ಎರಡೂ ಹೆಚ್ಚುಪಾಲು ಉಣ್ಣುವುದು ಅದೇ ಸಾಲಿನಿಂದ. ಅಲ್ಲಿರುವ ಆಂಪ್ಸನ್ನು 12ರಿಂದ ಗುಣಿಸಿ. 16 ಆಂಪ್ಸ್ ಎಂದಿದ್ದರೆ 192 ವ್ಯಾಟ್ ಆಯಿತು. +12ರ ಸಾಲು ಎರಡಿದ್ದರೆ ಸುಮ್ಮನೆ ಕೂಡಿಬಿಡಬೇಡಿ. ಎರಡಕ್ಕೂ ಸೇರಿದ ಮಿತಿಯನ್ನು ಕೆಳಗೆ ಸಣ್ಣಕ್ಷರದಲ್ಲಿ ಬರೆದಿರುತ್ತಾರೆ.

ಈಗ ಖರ್ಚಿನ ಲೆಕ್ಕ. ಐ5-4570 ಪ್ರೊಸೆಸರಿಗೆ 84 ವ್ಯಾಟ್, ತಾನು ಕೂರುವ ಸ್ಲಾಟ್‌ನಿಂದಲೇ ಕರೆಂಟ್ ಪಡೆಯುವ ಕಾರ್ಡಿಗೆ 75, ಮದರ್‌ಬೋರ್ಡ್, ಡಿಸ್ಕ್, ಫ್ಯಾನ್ ಎಲ್ಲ ಸೇರಿ 40. ಹತ್ತಿರಹತ್ತಿರ 200. ಮೇಲಿನ 192ರ ಎಸ್‌ಎಂಪಿಎಸ್‌ಗೆ ಇದು ಹೊರೆಯೇ. ಹತ್ತು ವರ್ಷ ದುಡಿದದ್ದಾದರೆ ಒಳಗಿನ ಕೆಪಾಸಿಟರ್ ಬೇರೆ ಸೊರಗಿರುತ್ತದೆ, ಹಾಗಾಗಿ ಲೇಬಲ್‌ನ ಲೆಕ್ಕದಲ್ಲಿ ಕಾಲು ಭಾಗವನ್ನು ಕಳೆದೇ ನೋಡುವುದು ಕ್ಷೇಮ. ಹೊರೆ ಮೀರಿದ್ದು ಹೇಗೆ ಗೊತ್ತಾಗುತ್ತದೆ? ವಿಂಡೋಸ್ ಸರಿಯಾಗಿ ಏಳುತ್ತದೆ, ಯೂಟ್ಯೂಬ್ ಓಡುತ್ತದೆ, ಗೇಮ್ ಶುರುವಾಗಿ ಹತ್ತು ನಿಮಿಷಕ್ಕೆ ಪಟ್ಟನೆ ಆಫ್. ನೀಲಿ ಪರದೆಯೂ ಇಲ್ಲ, ಎರರ್ ಸಂದೇಶವೂ ಇಲ್ಲ. ಎಲ್ಲರೂ ಕಾರ್ಡನ್ನು ದೂರಿ ವಾಪಸ್ ತರುತ್ತಾರೆ, ಕಾರ್ಡ್ ಪಾಪ ಸರಿಯಾಗಿಯೇ ಇರುತ್ತದೆ.

‘ಹಾಗಾದರೆ ದೊಡ್ಡ ಎಸ್‌ಎಂಪಿಎಸ್ ಹಾಕಿದರಾಯಿತು’ ಎನ್ನುವಂತಿಲ್ಲ. ಅಸೆಂಬಲ್ ಮಾಡಿದ ಕಂಪ್ಯೂಟರಿನಲ್ಲಿ ಬೋರ್ಡಿಗೆ ಹೋಗುವುದು 24 ಪಿನ್‌ನ ಕನೆಕ್ಟರ್. ಆಪ್ಟಿಪ್ಲೆಕ್ಸ್ 9020ರಲ್ಲಿ ಅದು 8 ಪಿನ್, ಎಲೈಟ್‌ಡೆಸ್ಕ್ 800 ಜಿ1ರಲ್ಲಿ 6 ಪಿನ್, ಥಿಂಕ್‌ಸೆಂಟರ್ ಎಂ93ಪಿಯಲ್ಲಿ 14 ಪಿನ್. ಪರಿವರ್ತಕ ಕೇಬಲ್ ಸಿಗುತ್ತದೆ, ಆದರೆ ಡೆಲ್‌ನದ್ದು ಎಚ್‌ಪಿಗೆ ಆಗುವುದಿಲ್ಲ, ಮಾದರಿ ಸಂಖ್ಯೆ ಹೇಳಿಯೇ ಕೊಳ್ಳಬೇಕು. ಚಪ್ಪಟೆ ಡಬ್ಬಿಗಳಲ್ಲಂತೂ ಎಸ್‌ಎಂಪಿಎಸ್‌ನ ಆಕಾರವೇ ಬೇರೆ, ಬಜಾರಿನದ್ದು ಒಳಗೆ ಕೂರುವುದೇ ಇಲ್ಲ. ಅಗ್ಗದ ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ‘450 ವ್ಯಾಟ್’ ಎಂಬ ಹಗುರ ಡಬ್ಬಿಗಿಂತ ಕಂಪನಿಯ ಹಳೆ 290 ವ್ಯಾಟ್‌ನದ್ದೇ ಮೇಲು.

ಎಲ್ಲಕ್ಕಿಂತ ಅಪಾಯದ್ದು ಸಾಟಾ ಪ್ಲಗ್‌ನಿಂದ ಕಾರ್ಡಿಗೆ ಕರೆಂಟ್ ಕೊಡುವ ಕನ್ವರ್ಟರ್. ಹಾರ್ಡ್‌ಡಿಸ್ಕ್‌ಗೆ ಸಿಕ್ಕಿಸುವ ಆ ಚಪ್ಪಟೆ ಪ್ಲಗ್‌ನಲ್ಲಿ 12 ವೋಲ್ಟ್‌ಗೆ ಇರುವುದು ಮೂರೇ ಪಿನ್, ಒಂದೊಂದರ ಮಿತಿ 1.5 ಆಂಪ್ಸ್. ಒಟ್ಟು 54 ವ್ಯಾಟ್. 8 ಪಿನ್ ಬೇಡುವ ಕಾರ್ಡ್ ಆ ದಾರಿಯಲ್ಲಿ 150 ವ್ಯಾಟ್‌ವರೆಗೆ ಎಳೆಯಬಹುದು. ಮೊದಲು ಪ್ಲಗ್‌ನ ಪ್ಲಾಸ್ಟಿಕ್ ಬಿಸಿಯಾಗುತ್ತದೆ, ಆಮೇಲೆ ಕರಗಿ ಪಿನ್‌ಗೆ ಅಂಟಿಕೊಳ್ಳುತ್ತದೆ. ಮರದ ಅಟ್ಟ, ಮರದ ಮೇಜಿನ ಮನೆಗಳಲ್ಲಿ ಇದು ತಮಾಷೆಯ ವಿಷಯವಲ್ಲ.

ಆದ್ದರಿಂದ ಈ ಡಬ್ಬಿಗಳಿಗೆ ಹೊಂದುವುದು ಬೇರೆ ಪವರ್ ಪಿನ್ ಬೇಡದ ಕಾರ್ಡ್ ಮಾತ್ರ. ಜಿಟಿಎಕ್ಸ್ 1650 ಅಂಥದ್ದು, 75 ವ್ಯಾಟ್. ಆದರೆ ಅದರಲ್ಲೂ ಕೆಲವು ಮಾದರಿಗಳಿಗೆ 6 ಪಿನ್ ಇದೆ, ಚಿತ್ರದಲ್ಲಿ ಕಾರ್ಡಿನ ಮೇಲಂಚು ನೋಡಿ. ಆರ್‌ಟಿಎಕ್ಸ್ 3050 ಎಂಬ ಒಂದೇ ಹೆಸರಿನಲ್ಲಿ ಎರಡು ಮಾಲು ಇವೆ: 6 ಜಿಬಿಯದ್ದು 70 ವ್ಯಾಟ್, ಸಾಮಾನ್ಯವಾಗಿ ಪಿನ್ ಬೇಡ, 8 ಜಿಬಿಯದ್ದು 130 ವ್ಯಾಟ್, ಪಿನ್ ಬೇಕೇ ಬೇಕು. ಆರ್‌ಎಕ್ಸ್ 6400 ಬರೀ 53 ವ್ಯಾಟ್ ಸಾಕೆನ್ನುತ್ತದೆ, ಆದರೆ ಬೋರ್ಡಿನೊಂದಿಗೆ ಮಾತಾಡಲು ಅದಕ್ಕೆ ನಾಲ್ಕೇ ದಾರಿ (ಲೇನ್). ಹೊಸ ಬೋರ್ಡಿನಲ್ಲಿ ಅದು ಸಾಲುತ್ತದೆ. ನಮ್ಮ ಹಳೆ ಪಿಸಿಐ ಎಕ್ಸ್‌ಪ್ರೆಸ್ 3.0 ಬೋರ್ಡಿನಲ್ಲಿ ಆ ದಾರಿಯ ವೇಗ ಅರ್ಧವಾಗಿ, 4 ಜಿಬಿ ಮೆಮೊರಿ ತುಂಬಿದೊಡನೆ ಗೇಮ್ ಮುಗ್ಗರಿಸುತ್ತದೆ. 2016ರ ಜಿಟಿಎಕ್ಸ್ 1050 ಟಿಐ ಸೆಕೆಂಡ್‌ಹ್ಯಾಂಡ್‌ನಲ್ಲಿ ಧಾರಾಳ, ಆದರೆ ಎನ್‌ವಿಡಿಯಾ ಆ ಪೀಳಿಗೆಗೆ ಹೊಸ ಗೇಮ್‌ಗಳ ಡ್ರೈವರ್ (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಕೊಡುವುದನ್ನು 2025ರ ಅಕ್ಟೋಬರ್‌ಗೆ ಮುಗಿಸಿದೆ. ಹಳೆ ಗೇಮ್‌ಗಷ್ಟೇ ಆದರೆ ತೆಗೆದುಕೊಳ್ಳಿ. ಜಿಟಿ 710, ಜಿಟಿ 730 ಪರದೆಗೆ ಚಿತ್ರ ಕಳಿಸುವ ಕಾರ್ಡ್‌ಗಳು, ಗೇಮಿಗಲ್ಲ. ಜಿಟಿ 1030ರಲ್ಲಿ ಜಿಡಿಡಿಆರ್5 ಎಂಬ ಮೆಮೊರಿ ಇರುವ ಮಾದರಿ ಪರವಾಗಿಲ್ಲ. 2018ರಲ್ಲಿ ಅದೇ ಹೆಸರಿಟ್ಟು ಬಂದ ಡಿಡಿಆರ್4 ಮಾದರಿಯ ಮೆಮೊರಿ ವೇಗ ಸುಮಾರು ಮೂರನೇ ಒಂದು ಪಾಲು. ಪೆಟ್ಟಿಗೆಯ ಮೂಲೆಯಲ್ಲಿ ಬರೆದಿರುತ್ತದೆ, ಓದಿ.

ಅಳತೆಯೂ ಮುಖ್ಯ. ಚಪ್ಪಟೆ ಡಬ್ಬಿಗೆ ಲೋ ಪ್ರೊಫೈಲ್ (ಎತ್ತರ ಕಡಿಮೆಯ) ಕಾರ್ಡೇ ಆಗಬೇಕು, ಗಿಡ್ಡ ಬ್ರಾಕೆಟ್ ಜೊತೆಯಲ್ಲಿದೆಯೇ ಎಂದು ನೋಡಿಕೊಳ್ಳಿ. ಅಂಗೈಯಗಲದ ಮೈಕ್ರೊ, ಟೈನಿ ಮಾದರಿಗಳಲ್ಲಿ ಸಾಮಾನ್ಯವಾಗಿ ಸ್ಲಾಟೇ ಇರುವುದಿಲ್ಲ, ಅಲ್ಲಿಗೆ ಮಾತು ಮುಗಿಯಿತು. ಆಪ್ಟಿಪ್ಲೆಕ್ಸ್ ಟವರಿನಲ್ಲಿ ಒಂದೇ ಉದ್ದದ ಎರಡು ಸ್ಲಾಟ್ ಕಂಡರೆ ನೀಲಿಯದಕ್ಕೆ ಹಾಕಿ, ಕಪ್ಪಿನದು ಉದ್ದವಿದ್ದರೂ ಒಳಗೆ ನಾಲ್ಕೇ ದಾರಿ. ಹಾಕಿದ ಮೇಲೆ ಮಾನಿಟರ್ ಕೇಬಲನ್ನು ಕಾರ್ಡಿಗೇ ಸಿಕ್ಕಿಸಬೇಕು, ಬೋರ್ಡಿಗಲ್ಲ. ನಗಬೇಡಿ, ‘ಕಾರ್ಡ್ ಹಾಕಿದರೂ ಏನೂ ಬದಲಾಗಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಹಳೆ ಮಾನಿಟರಿಗೆ ಬರೀ ವಿಜಿಎ ಇದ್ದರೆ ಎಚ್‌ಡಿಎಂಐಯಿಂದ ವಿಜಿಎಗೆ ಬದಲಿಸುವ ಕನ್ವರ್ಟರ್ ಬೇಕು.

ಪ್ರೊಸೆಸರ್ ವಿಷಯದಲ್ಲಿ ಐ7 ಎಂಬ ಸ್ಟಿಕ್ಕರಿಗೆ ಮರುಳಾಗುವವರೇ ಹೆಚ್ಚು. ಅಡ್ಡಗೆರೆಯ ಮುಂದಿನ ಅಂಕಿ ಓದಿ: ಐ7-2600 ಎಂದರೆ ಎರಡನೇ ಪೀಳಿಗೆ, 2011ರದ್ದು. 2022ರ ಐ3-12100 ಅದನ್ನು ಸಲೀಸಾಗಿ ಹಿಂದಿಕ್ಕುತ್ತದೆ. ಎರಡು, ಮೂರನೇ ಪೀಳಿಗೆಯಲ್ಲಿ ಎವಿಎಕ್ಸ್2 ಎಂಬ ಸೌಲಭ್ಯವಿಲ್ಲ, ಕೆಲವು ಹೊಸ ಗೇಮ್‌ಗಳು ಅದಿಲ್ಲದೆ ತೆರೆಯುವುದೇ ಇಲ್ಲ. ಅಂಥದ್ದಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ನಾಲ್ಕನೇ ಪೀಳಿಗೆಯ ಐ5 ಇದ್ದರೆ ಅದೇ ಸಾಕೆಟ್ಟಿಗೆ ಐ7-4770 ಅಥವಾ 4790 ಕೂರುತ್ತದೆ, ಎಂಟು ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಸಾಲು) ಸಿಗುವುದರಿಂದ ಆಟದ ನಡುವಿನ ತಡವರಿಕೆ ಕಡಿಮೆಯಾಗುತ್ತದೆ. ಆರನೆಯದಕ್ಕೆ ಐ7-6700. ಎಂಟನೇ ಪೀಳಿಗೆಯ ಪ್ರೊಸೆಸರ್ ಕೂಡ 1151 ಸಾಕೆಟ್ಟೇ, ಆದರೆ ಆರು, ಏಳರ ಬೋರ್ಡಿನಲ್ಲಿ ಅದು ಏಳುವುದಿಲ್ಲ.

ದುಡ್ಡು ಬಿಚ್ಚುವ ಮೊದಲು ಪುಕ್ಕಟೆ ಮಾಡಬಹುದಾದ ಒಂದು ಪರೀಕ್ಷೆ ಇದೆ, ಹೆಚ್ಚಿನವರು ಮಾಡುವುದಿಲ್ಲ. ಆಡಬೇಕಾದ ಗೇಮನ್ನು ಈಗಿರುವಂತೆಯೇ ಓಡಿಸಿ, ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಐದು ನಿಮಿಷ ಆಡಿ. ಜಿಪಿಯು (ಗ್ರಾಫಿಕ್ಸ್ ಚಿಪ್) ಶೇಕಡಾ 95ರ ಮೇಲೆ ನಿಂತಿದ್ದರೆ ಕೊರತೆ ಗ್ರಾಫಿಕ್ಸ್‌ನದ್ದು. ಸಿಪಿಯು (ಪ್ರೊಸೆಸರ್) 100 ಮುಟ್ಟಿ ಜಿಪಿಯು 60ರ ಸುಮಾರಿನಲ್ಲಿ ಓಲಾಡುತ್ತಿದ್ದರೆ ಪ್ರೊಸೆಸರಿನದ್ದು. ಇನ್ನೂ ಅನುಮಾನವಿದ್ದರೆ ಗೇಮಿನ ರೆಸೊಲ್ಯೂಶನ್ ಇಳಿಸಿ. ಇಳಿಸಿದರೂ ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆ) ಏರದಿದ್ದರೆ ಎಂಥ ಕಾರ್ಡ್ ತಂದರೂ ಏರುವುದಿಲ್ಲ. ಅದೇ ಪುಟದ ಮೆಮೊರಿ ವಿಭಾಗದಲ್ಲಿ ಎಷ್ಟು ಸ್ಲಾಟ್ ಬಳಕೆಯಲ್ಲಿದೆ ಎಂದೂ ಬರೆದಿರುತ್ತದೆ. 8 ಜಿಬಿಯ ಒಂದೇ ರ‍್ಯಾಮ್ ಇದ್ದರೆ ಅಂಥದ್ದೇ ಇನ್ನೊಂದನ್ನು ಜೋಡಿ ಸ್ಲಾಟಿಗೆ ಹಾಕಿ. ಕಾರ್ಡ್ ಇಲ್ಲದ ಕಂಪ್ಯೂಟರ್ ಚಿತ್ರಕ್ಕೂ ಇದೇ ರ‍್ಯಾಮ್ ಬಳಸುವುದರಿಂದ ಜೋಡಿಯಾದೊಡನೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ವ್ಯಾಲರಂಟ್ ಎಂಬ ಗೇಮ್ 2020ರಲ್ಲಿ ಬಂದಾಗ ಕನಿಷ್ಠ ಅಗತ್ಯವೆಂದು ಹೇಳಿದ್ದು ಇಂಟೆಲ್ ಎಚ್‌ಡಿ 4000, ಅಂದರೆ ಮೂರನೇ ಪೀಳಿಗೆಯ ಕೆಲವು ಪ್ರೊಸೆಸರುಗಳೊಳಗೇ ಇರುವ ಗ್ರಾಫಿಕ್ಸ್. ಮಗುವಿಗೆ ಅದೊಂದೇ ಸಾಕಾದರೆ ಕಾರ್ಡಿನ ಮಾತೇ ಬೇಡ. ಹಾರ್ಡ್‌ಡಿಸ್ಕ್ ತೆಗೆದು ಸಾಟಾ ಎಸ್‌ಎಸ್‌ಡಿ ಹಾಕಿದರೆ ಗೇಮ್ ತೆರೆಯುವ ಹೊತ್ತು ತಗ್ಗುತ್ತದೆ, ಫ್ರೇಮ್ ಏರುವುದಿಲ್ಲ.

ವಿಂಡೋಸ್ ಕೂಡ ಲೆಕ್ಕಕ್ಕೆ ಬರಬೇಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೇ ಪೀಳಿಗೆ ಅಥವಾ ಅದರ ಮುಂದಿನದು, ಜೊತೆಗೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಎಂಬ ಸುರಕ್ಷತಾ ಸೌಲಭ್ಯಗಳು ಬೇಕು. ಅಡ್ಡದಾರಿಯಲ್ಲಿ 11 ಹಾಕಿಕೊಡುವವರಿದ್ದಾರೆ; ಆದರೆ ವ್ಯಾಲರಂಟ್ 11ರ ಮೇಲೆ ಟಿಪಿಎಂ, ಸೆಕ್ಯೂರ್ ಬೂಟ್ ಎರಡನ್ನೂ ಕೇಳುತ್ತದೆ, ಇಲ್ಲದಿದ್ದರೆ ಬಾಗಿಲಲ್ಲೇ ನಿಲ್ಲಿಸುತ್ತದೆ. ಹಾಗಾಗಿ ಎಂಟನೇ ಪೀಳಿಗೆಯ ಟವರ್ ಆದರೆ ಧೈರ್ಯವಾಗಿ ಖರ್ಚು ಮಾಡಿ. ನಾಲ್ಕರಿಂದ ಏಳರವರೆಗಿನದಕ್ಕೆ ಮುಂದೆ ಬಿಚ್ಚಿ ಹೊಸದಕ್ಕೆ ಹಾಕಿಕೊಳ್ಳಬಹುದಾದ್ದನ್ನಷ್ಟೇ ಕೊಳ್ಳಿ: ಕಾರ್ಡ್, ಎಸ್‌ಎಸ್‌ಡಿ, ಮಾನಿಟರ್. ಡಿಡಿಆರ್3 ರ‍್ಯಾಮ್, ಹಳೆ ಐ7, ಪರಿವರ್ತಕ ಕೇಬಲ್ ಇವೆಲ್ಲ ಆ ಡಬ್ಬಿಯ ಜೊತೆಗೇ ಗುಜರಿಗೆ ಹೋಗುವ ಹಣ. ಇವಿಷ್ಟರ ಮೊತ್ತ ಹೊಸ ಬೋರ್ಡ್, ಪ್ರೊಸೆಸರ್, ರ‍್ಯಾಮ್‌ನ ಬೆಲೆಯ ಅರ್ಧ ದಾಟಿದರೆ ನಿಲ್ಲಿಸಿ, ಮುಂದಿನ ಕೊಯ್ಲಿನವರೆಗೆ ಕಾಯಿರಿ.

ನಮ್ಮ ಕೊಡಗಿನಂಥ ಜಿಲ್ಲೆಗೆ ಸೇರಿದ ಒಂದು ಖರ್ಚಿದೆ, ಅದನ್ನು ಬೆಂಗಳೂರಿನ ಯೂಟ್ಯೂಬ್ ಹುಡುಗರು ಹೇಳುವುದಿಲ್ಲ. ಏಪ್ರಿಲ್, ಮೇ ಗುಡುಗು, ಆಮೇಲೆ ಜೂನ್‌ನಿಂದ ಮರ ಬಿದ್ದು ತಂತಿ ಹರಿಯುವ ಕಾಲ. ಲೈನಿನ ಕೊನೆಯಲ್ಲಿರುವ ತೋಟದ ಮನೆಗಳಲ್ಲಿ ವೋಲ್ಟೇಜ್ ಏರಿಳಿಯುತ್ತಲೇ ಇರುತ್ತದೆ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತದೆಯೇ? ಅದು ಅರ್ಥಿಂಗ್ ಇಲ್ಲದ ಗುರುತು. ಎಸ್‌ಎಂಪಿಎಸ್‌ನ ಫಿಲ್ಟರಿನಿಂದ ಸೋರುವ ಅಲ್ಪ ಕರೆಂಟಿಗೆ ಭೂಮಿಯ ದಾರಿ ಸಿಗದೆ ಅದು ತಗಡಿಗೆ ಬಂದಿರುತ್ತದೆ. ಮೂರು ಪಿನ್ ಪ್ಲಗ್‌ಗೆ ಎರಡು ಪಿನ್‌ನ ಅಡಾಪ್ಟರ್ ಹಾಕಿದ್ದರೆ ತೆಗೆಯಿರಿ, ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿಸಿ ಬೇಸಿಗೆಯಲ್ಲಿ ನೀರು ಹೊಯ್ಯಿರಿ. ಇಷ್ಟಾಗದೆ ಕಾರ್ಡ್ ತರಬೇಡಿ.

75 ವ್ಯಾಟ್ ಕಾರ್ಡಿನ ಕಂಪ್ಯೂಟರಿಗೆ 600 ವಿಎ ಯುಪಿಎಸ್ ಸಾಕು, ಗೇಮ್ ಸೇವ್ ಮಾಡಿ ಮುಚ್ಚುವಷ್ಟು ಹೊತ್ತು ಸಿಗುತ್ತದೆ. ಮನೆಯ ಇನ್ವರ್ಟರನ್ನೇ ನೆಚ್ಚಿದವರು ಹಿಂದಿನ ಸ್ವಿಚ್ ನೋಡಿ. ಅದು ಯುಪಿಎಸ್ ಮೋಡ್‌ನಲ್ಲಿ ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ. ಆದರೆ ಆ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಇನ್ವರ್ಟರ್ ಕರೆಂಟ್ ಇದ್ದಾಗಲೂ ಬ್ಯಾಟರಿ ಮೇಲೆ ಓಡಿ, ರಾತ್ರಿ ದೀಪಕ್ಕೂ ಉಳಿಸುವುದಿಲ್ಲ. ಲೋ ವೋಲ್ಟೇಜ್ ಮನೆಗೆ ಬೇರೆಯೇ ಯುಪಿಎಸ್ ಇಡುವುದು ಲೇಸು. ಹೊಸ ಕಾರ್ಡಿಗೆಂದು ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡುವಾಗ ಯುಪಿಎಸ್ ಇರಲೇಬೇಕು. ನಡುವೆ ಕರೆಂಟ್ ಹೋದರೆ ಬೋರ್ಡ್ ಸತ್ತಂತೆ. ಗುಡುಗುವಾಗ ಪ್ಲಗ್ ಜೊತೆ ಇಂಟರ್‌ನೆಟ್ ಕೇಬಲನ್ನೂ ಕೀಳಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ. ಜುಲೈ-ಆಗಸ್ಟ್ ಸುಮಾರಿನ ಕಕ್ಕಡ ತಿಂಗಳ ಥಂಡಿಯಲ್ಲಿ ದಿನಕ್ಕೆ ಅರ್ಧ ಗಂಟೆಯಾದರೂ ಆನ್ ಮಾಡಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಮಳೆ ಬಿಟ್ಟ ಮೇಲೆ ಆನ್ ಮಾಡಿದರೆ ಬೀಪ್ ಮಾತ್ರ ಬಂದು ಪರದೆ ಕಪ್ಪಗಿದ್ದರೆ ಗಾಬರಿ ಬೇಡ, ರ‍್ಯಾಮ್ ತೆಗೆದು ಅದರ ಚಿನ್ನದ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಊದಿ ಮತ್ತೆ ಹಾಕಿ. ಹಿಂದೆ ತೆರೆದಿರುವ ಸ್ಲಾಟಿನ ಕಿಂಡಿಗೆ ತಗಡು ಮುಚ್ಚಿ, ಹಲ್ಲಿ ಒಳಹೋಗಿ ಬೋರ್ಡ್ ಶಾರ್ಟ್ ಮಾಡುವುದು ಅಲ್ಲಿಂದಲೇ.

ಕೊನೆಗೆ ಮಾರುವವರಲ್ಲಿ ಒಂದು ಬೇಡಿಕೆ. ಹಳೆ ಆಫೀಸ್ ಕಂಪ್ಯೂಟರಿಗೆ ಬಣ್ಣದ ಫ್ಯಾನ್, ಜಿಟಿ 730 ಹಾಕಿ ‘ಐ7, 16 ಜಿಬಿ ಗೇಮಿಂಗ್ ಪಿಸಿ’ ಎಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಫೋಟೊ ಹಾಕುತ್ತೀರಲ್ಲ, ಅದರ ಕೆಳಗೆ ಪ್ರೊಸೆಸರಿನ ಪೂರ್ತಿ ಸಂಖ್ಯೆ, ಕಾರ್ಡಿನ ಹೆಸರು ಮತ್ತು ಅದರ ಮೆಮೊರಿಯ ಜಾತಿ, ಎಸ್‌ಎಂಪಿಎಸ್‌ನ +12 ವೋಲ್ಟ್ ಸಾಲಿನ ಆಂಪ್ಸ್ ಇಷ್ಟನ್ನು ಬರೆಯಿರಿ, ಬಿಲ್ಲಿನಲ್ಲೂ ಬರೆದುಕೊಡಿ. ಕೊಳ್ಳುವವರು ಈ ಮೂರನ್ನೂ ಬರೆಯದ ಬಿಲ್ಲಿಗೆ ಅಡ್ವಾನ್ಸ್ ಕೊಡಬೇಡಿ.

ಇತಿ,
ಕಂಪ್ಯೂಟರ್ ರಿಪೇರಿ ಕೆಲಸದವರು,
ಗೋಣಿಕೊಪ್ಪಲು