ಟ್ರೇನಿಂಗ್ ವಿಮಾನಕ್ಕ ಇನ್ಶೂರನ್ಸ್ ಅದ ಸರಿ, ಕಲಿಯೋ ಮಕ್ಕಳಿಗೇನದ?

ಸಂಪಾದಕರಿಗೆ ನಮಸ್ಕಾರ,

2019ರ ನವೆಂಬರ್‌ದಾಗ ನಮ್ ಕಲಬುರಗಿ ಏರ್‌ಪೋರ್ಟ್ ಚಾಲೂ ಆತು, 2021ರಾಗ ಏರ್‌ಪೋರ್ಟ್ಸ್ ಅಥಾರಿಟಿಯವರು ಪೈಲಟ್ ಟ್ರೇನಿಂಗಿಗಿ ಆರಿಸಿದ ಐದು ಊರಾಗ ಬೆಳಗಾವಿ ಜೋಡಿ ನಮ್ಮೂರೂ ಬಂತು. ಅವಾಗಿಂದ ಪಿಯುಸಿ ಸೈನ್ಸ್ ಮುಗಿಸಿದ ಮಕ್ಕಳ ಅಪ್ಪ-ಅವ್ವ ಪೈಲಟ್ ಕೋರ್ಸ್ ಬಗ್ಗೆ ನನ್ ಕಡಿನೂ ಬಂದು ಕೇಳ್ತಾರ, ಯಾಕಂದ್ರ ನಾ ಭಾಳ ವರ್ಷದಿಂದ ಇನ್ಶೂರನ್ಸ್ ಕೆಲಸ ಮಾಡಾಂವ. ಫೀಸು ಎಷ್ಟು, ಲೋನು ಸಿಗ್ತದೋ ಇಲ್ಲೋ, ನೌಕರಿ ಹೆಂಗ, ಎಲ್ಲಾ ವಿಚಾರಿಸಿರ್ತಾರ. ಇನ್ಶೂರನ್ಸ್ ಕೇಳೀರೇನ್ರಿ ಅಂದ್ರ ಮಾತ್ರ "ವಿಮಾನಕ್ಕ ಫುಲ್ ಇನ್ಶೂರನ್ಸ್ ಅದ ಅಂತ ಸ್ಕೂಲ್‌ದಾಗ ಹೇಳ್ಯಾರ್ರಿ" ಅಂತಾರ, ಅಲ್ಲಿಗಿ ಮುಗೀತು. ನನಗ ಹೆದರಿಕಿ ಆಗೋದು ಈ ಒಂದು ಮಾತಿಗೇ ನೋಡ್ರಿ.

ವಿಮಾನದ ಪಾಲಿಸಿಯೊಳಗ ಮೊದಲನೇದು ಹಲ್ ಅಂತ ಇರ್ತದ, ಅಂದ್ರ ವಿಮಾನಕ್ಕಾದ ಡ್ಯಾಮೇಜು. ಅದರ ರೊಕ್ಕ ಹೋಗೋದು ವಿಮಾನದ ಮಾಲಕರಿಗಿ. ಎರಡನೇದು ಥರ್ಡ್ ಪಾರ್ಟಿ, ನೆಲದ ಮ್ಯಾಲಿನ ಮಂದಿಗಿ, ಅವರ ಆಸ್ತಿಗಿ. ಮೂರನೇದು ಪ್ಯಾಸೆಂಜರ್‌ದು. ಈಗ ಹೇಳ್ರಿ, ವಿಮಾನ ಹಾರಿಸೋದು ಕಲೀಲತ್ತ ಹುಡುಗ ಇದರಾಗ ಯಾವುದ್ರಾಗ ಬರ್ತಾನ? ಮಾಲಕ ಅಲ್ಲ, ಕಂಟ್ರೋಲ್ ಹಿಡಿದು ಕುಂತಾನಂದ್ರ ಪ್ಯಾಸೆಂಜರೂ ಅಲ್ಲ, ಹೊರಗಿನ ಥರ್ಡ್ ಪಾರ್ಟಿಯಂತೂ ಅಲ್ಲೇ ಅಲ್ಲ. ಸಾಮಾನ್ಯ ಏವಿಯೇಶನ್ ಪಾಲಿಸಿಗಳು ಡ್ಯೂಟಿ ಮ್ಯಾಲಿದ್ದ ಕ್ರೂವನ್ನ, ಅಂದ್ರ ವಿಮಾನ ನಡಿಸೋ ಮಂದೀನ, ಥರ್ಡ್ ಪಾರ್ಟಿಯಿಂದಲೂ ಪ್ಯಾಸೆಂಜರ್ ಭಾಗದಿಂದಲೂ ಹೊರಗ ಇಡ್ತಾವ, ಸ್ಟೂಡೆಂಟ್‌ಗ ಬ್ಯಾರೇ ಪರ್ಸನಲ್ ಆಕ್ಸಿಡೆಂಟ್ ಕವರ್ ಹಾಕ್ಸಿಲ್ಲಾಂದ್ರ ಅವನಿಗಿ ಏನಾರ ಆದ್ರ ಮನಿಯವರಿಗಿ ಆ ಪಾಲಿಸಿಯಿಂದ ಒಂದ್ ರೂಪಾಯಿನೂ ಬರ್ದೇ ಹೋಗಬಹುದು.

ಇನ್ನೊಂದು ಭಾಳ ಮಂದಿಗಿ ಗೊತ್ತಿಲ್ಲ. ಕಮರ್ಷಿಯಲ್ ಪೈಲಟ್ ಲೈಸನ್ಸಿಗಿ ನಮ್ ದೇಶದಾಗ 200 ತಾಸು ಹಾರಿಸಬೇಕು, ಅದರಾಗ 100 ತಾಸು ಪೈಲಟ್ ಇನ್ ಕಮಾಂಡ್ ಆಗಿ, ಅಂದ್ರ ಆ 100 ತಾಸು ವಿಮಾನದ ಜವಾಬ್ದಾರಿ ಪೂರ್ತಿ ಆ ಹುಡುಗಂದೇ. ಲ್ಯಾಂಡಿಂಗ್ ಟೈಮಿಗಿ ಮುಂದಿನ ಗಾಲಿ ಮೊದಲ ಬಡೀತಂದ್ರ ವಿಮಾನ ಪುಟಿದು ಮತ್ತ ಕೆಳಗ ಬರ್ತದ, ಪ್ರೊಪೆಲ್ಲರ್ ರನ್‌ವೇಗಿ ತಾಗ್ತದ. ನೋಡಾಕ ಬ್ಲೇಡಿನ ತುದಿ ಅಷ್ಟೇ ಮಣಿದಿರ್ತದ, ಆದ್ರ ತಿರುಗೋ ಎಂಜಿನ್ ಝಟಕಾ ತಿಂದದಲ್ಲ, ಅದನ್ನ ಇಳಿಸಿ ಬಿಚ್ಚಿ ಒಳಗಿನ ಶಾಫ್ಟಿಗಿ ಏನಾರ ಆಗ್ಯಾದೇನು ಅಂತ ನೋಡಬೇಕು. ಬಿಲ್ಲು ಲಕ್ಷಗಟ್ಲೆ. ಇನ್ಶೂರನ್ಸ್ ಕಂಪನಿ ಕೊಡ್ತದ, ಆದ್ರ ಎಕ್ಸೆಸ್ ಅಂತ ಮೊದಲಿನ ಒಂದ್ ಭಾಗ ಮಾಲಕರ ಮ್ಯಾಲೇ ಬಿಡ್ತದ, ಆ ಎಕ್ಸೆಸ್ ಯಾರ ಕಿಸೇದಿಂದ ಹೋಗ್ತದ ಅಂತ ಅಡ್ಮಿಶನ್ ಫಾರ್ಮಿನ ಹಿಂದ ಸಣ್ಣ ಅಕ್ಷರದಾಗ ಬರ್ದಿರ್ತದ. ನನಗ ಪರಿಚಯದ ಒಬ್ರು ಹೊರರಾಜ್ಯದಾಗ ಮಗನ್ನ ಕಲಿಸಲಿಕ್ಕಿ ಹಾಕಿದ್ರು, ಇಂಥಾದ್ದೇ ಒಂದ್ ಲ್ಯಾಂಡಿಂಗ್ ಆದ ಮ್ಯಾಲ ಎಕ್ಸೆಸ್ ಪೂರಾ ಅವರೇ ತುಂಬಿದ್ರು, ಇವರು ಸಹಿ ಮಾಡಿದ ಕಾಗದ ಸ್ಕೂಲಿನವರು ತೋರಿಸಿದ್ರಂತ, ಏನ್ ಮಾತಾಡ್ತಾರ?

ಕ್ಲೇಮ್ ಕೊಟ್ಟ ಕಂಪನಿ ಅಲ್ಲಿಗೇ ಸುಮ್ನ ಕೂಡ್ತದಂತ ಇಲ್ಲ. ಸ್ಟೂಡೆಂಟ್ ಹೆಸರು ಪಾಲಿಸಿಯೊಳಗ ಇನ್ಶೂರ್ಡ್ ಅಂತ ಸೇರಿಲ್ಲಾಂದ್ರ, ಮಾಲಕರಿಗಿ ರೊಕ್ಕ ಕೊಟ್ಟು ಅವರ ಜಾಗಾದಾಗ ನಿಂತು ತಪ್ಪು ಮಾಡಿದವ್ನಿಂದ ವಸೂಲಿ ಮಾಡೋ ಹಕ್ಕು ಕಂಪನಿಗಿ ಇರ್ತದ, ಇದಕ್ಕ ಸಬ್ರೊಗೇಶನ್ ಅಂತಾರ. ಸ್ಟೂಡೆಂಟ್ ಮ್ಯಾಲ ಆ ಹಕ್ಕು ಚಲಾಯಿಸಂಗಿಲ್ಲ ಅಂತ ಪಾಲಿಸಿಯೊಳಗ ಬರೆಸಬಹುದು, ಆದ್ರ ಬರೆಸ್ರಿ ಅಂತ ಕೇಳಬೇಕಲ್ಲ.

ಬ್ಯಾಂಕಿನವರು ವರ್ಷಕ್ಕ ಅಷ್ಟಿಷ್ಟು ಕಟ್ ಮಾಡ್ಕೊಂಡು ಕೊಡೋ ಆಕ್ಸಿಡೆಂಟ್ ಪಾಲಿಸಿ ಅದಲ್ಲ ಅಂತ ಧೈರ್ಯ ಮಾಡಬ್ಯಾಡ್ರಿ, ಅದರ ಎಕ್ಸ್‌ಕ್ಲೂಶನ್, ಅಂದ್ರ ಯಾವುದಕ್ಕ ಕವರ್ ಇಲ್ಲ ಅಂತ ಬರ್ದ ಭಾಗ, ಓದ್ರಿ. ವಿಮಾನದಾಗ ಪ್ಯಾಸೆಂಜರ್ ಆಗಿ ಕುಂತ್ರ ಕವರ್, ಬ್ಯಾರೇ ರೀತಿ ಹಾರಾಟ ಇದ್ರ ಇಲ್ಲ ಅಂತ ಸಾಮಾನ್ಯವಾಗಿ ಇರ್ತದ. ಟರ್ಮ್ ಇನ್ಶೂರನ್ಸ್ ತಗೋವಾಗ ಮಗ ಪೈಲಟ್ ಕಲೀಲತ್ತಾನ ಅಂತ ಪ್ರಪೋಸಲ್ ಫಾರ್ಮಿನಾಗ ಬರೀಲೇಬೇಕು, ಪ್ರೀಮಿಯಂ ಜಾಸ್ತಿ ಆದ್ರ ಆಗಲಿ, ಮುಚ್ಚಿಟ್ರ ಮೊದಲ ಮೂರು ವರ್ಷದಾಗ ಕ್ಲೇಮ್ ಬಂದಾಗ ಅದನ್ನೇ ಹಿಡ್ಕೋತಾರ. ಎಜುಕೇಶನ್ ಲೋನ್ ಏಳೂವರೆ ಲಕ್ಷ ದಾಟ್ತಂದ್ರ ಬ್ಯಾಂಕು ಸಾಮಾನ್ಯವಾಗಿ ಆಸ್ತಿ ಅಡ ಕೇಳ್ತದ, ನಮ್ ಕಡಿ ಅದು ಮನಿ ಇಲ್ಲಾ ಹೊಲ. ಆ ಲೋನ್ ಜೋಡಿ ಕೊಡೋ ಇನ್ಶೂರನ್ಸು ಟ್ರೇನಿಂಗ್ ಹಾರಾಟಕ್ಕ ನಡೀತದೋ ಇಲ್ಲೋ ಮ್ಯಾನೇಜರ್ ಕಡಿಂದ ಬರ್ದು ತಗೊಳ್ರಿ, ಬಾಯಿ ಮಾತು ಬ್ಯಾಡ. ಮಗನ ದುಃಖ ಒಂದ್ ಕಡಿ, ಹೊಲ ಹೋಗೋದು ಇನ್ನೊಂದ್ ಕಡಿ ಆದ್ರ ಆ ಮನಿ ಹೆಂಗ ಎದ್ದೇಳ್ತದ್ರಿ.

ಮಕ್ಕಳಿಗೂ ಒಂದ್ ಮಾತು, ಸ್ಟೂಡೆಂಟ್ ಪೈಲಟ್ ಲೈಸನ್ಸು, ಮೆಡಿಕಲ್ (ಆರೋಗ್ಯ ತಪಾಸಣೆ ಸರ್ಟಿಫಿಕೇಟು) ಇವುಗಳ ಮುಗಿಯೋ ತಾರೀಖು ನೀವೇ ನೋಡ್ಕೊಂಡಿರ್ರಿ. ಮೆಡಿಕಲ್ ಮುಗಿದ ಮಾರನೇ ದಿನ ಹಾರಿಸಿ ಏನಾರ ಆತಂದ್ರ ನಷ್ಟ ನೋಡಾಕ ಬರೋ ಇನ್ಶೂರನ್ಸ್ ಸರ್ವೇಯರ್ ಮೊದಲ ಕೇಳೋದೇ ಆ ಕಾಗದ ಮತ್ತ ಲಾಗ್‌ಬುಕ್ಕು.

ರೈತರ ಮಾತೂ ಹೇಳಬೇಕು. ಎಂಜಿನ್ ಕೈಕೊಟ್ಟ ವಿಮಾನ ತೊಗರಿ ಹೊಲದಾಗ ಇಳೀತಂದ್ರ ಬೆಳಿ ಹಾಳಾಗ್ತದ, ಮ್ಯಾಲ ನೋಡಲಿಕ್ಕಿ ಬಂದ ಮಂದಿ ತುಳಿದು ಇನ್ನಷ್ಟು ಹಾಳು. ವಿಮಾನದಿಂದಾದ ನಷ್ಟಕ್ಕ ಥರ್ಡ್ ಪಾರ್ಟಿ ಕವರ್ ಇರ್ತದ, ಆದ್ರ ಕೇಳಿದವರಿಗಿ ಅಷ್ಟೇ ಸಿಗೋದು. ವಿಮಾನದ ಮ್ಯಾಲ ವಿಟಿ ಅಂತ ಶುರುವಾಗೋ ನಂಬರ್ ಬರ್ಕೊಳ್ರಿ, ಬೆಳಿ ಫೋಟೋ ತಗೊಳ್ರಿ, ಪೊಲೀಸರಿಂದ ಪಂಚನಾಮಾ ಮಾಡಿಸ್ರಿ. ವಿಮಾನ ಮಾತ್ರ ಮುಟ್ಟಬ್ಯಾಡ್ರಿ, ತನಿಖಾ ಅಧಿಕಾರಿಗಳು ಹೇಳೋತನಕ ಅದನ್ನ ಅಲುಗಾಡಿಸಂಗಿಲ್ಲ.

ನಾ ಟ್ರೇನಿಂಗ್ ಸ್ಕೂಲ್‌ಗಳ ವಿರುದ್ಧ ಬರೀಲತ್ತಿಲ್ಲ. ನಮ್ ಕಡಿ ಮಕ್ಕಳು ಬೆಂಗಳೂರಿನ ಜಕ್ಕೂರಿಗಿ, ದೂರದ ರಾಜ್ಯಕ್ಕ ಹೋಗೋದು ತಪ್ಪೀತು, ಊರಾಗೇ ಕಲೀಲಿ ಅನ್ನೋದೇ ನನ್ ಆಸೆ. ಅದಕ್ಕ ಕಲಿಸೋ ಎಲ್ಲಾ ಸ್ಕೂಲಿನವರಿಗಿ ಕೈಮುಗಿದು ಕೇಳ್ತೀನಿ, ಸ್ಟೂಡೆಂಟ್‌ಗ ಪರ್ಸನಲ್ ಆಕ್ಸಿಡೆಂಟ್ ಕವರ್ ಎಷ್ಟದ, ಸೋಲೋ, ಅಂದ್ರ ಒಬ್ನೇ ಹಾರಿಸೋ, ಹಾರಾಟಕ್ಕೂ ಅದ ಏನು, ಎಕ್ಸೆಸ್ ಯಾರ ಮ್ಯಾಲ, ಸಬ್ರೊಗೇಶನ್ ಬಿಟ್ಟುಕೊಟ್ಟಾರೋ ಇಲ್ಲೋ, ಇಷ್ಟು ಒಂದ್ ಹಾಳೆ ಮ್ಯಾಲ ಕನ್ನಡದಾಗ ಬರ್ದು ಫೀಸು ತುಂಬೋಕಿಂತ ಮೊದಲ ಅಪ್ಪ-ಅವ್ವನ ಕೈಗಿ ಕೊಡ್ರಿ. ವಿಮಾನಯಾನದ ಮ್ಯಾಲ ನಿಗಾ ಇಡೋ ಕೇಂದ್ರದ ಡಿಜಿಸಿಎ ಇದನ್ನ ಕಡ್ಡಾಯ ಮಾಡಬೇಕು, ನಮ್ ಭಾಗದ ಎಂಪಿಗಳು ಈ ಮಾತು ದಿಲ್ಲಿಯೊಳಗ ಎತ್ತಬೇಕು. ಈ ವರ್ಷ ಅಡ್ಮಿಶನ್ ಮಾಡಸೋ ಪಾಲಕರು ಅಲ್ಲಿತನಕ ಕಾಯಬ್ಯಾಡ್ರಿ, ಪಾಲಿಸಿ ಕಾಪಿ ಕೇಳಿ ತಗೊಂಡು ಓದ್ಸಿಕೊಂಡು ಆಮ್ಯಾಲ ಸಹಿ ಮಾಡ್ರಿ.

– ಒಬ್ಬ ಇನ್ಶೂರನ್ಸ್ ಏಜೆಂಟ್, ಕಲಬುರಗಿ