ಪೈಪಿನ ತುದಿ ಎಲ್ಲಿದೆ ನೋಡಿ

ಮಾನ್ಯರೇ,

ಸಾಲು ರಜೆ ಬಂತೆಂದರೆ ಮುಳ್ಳಯ್ಯನಗಿರಿ, ಮೂಡಿಗೆರೆ, ಸಕಲೇಶಪುರದ ಕಡೆ ಕಾರು, ಟೆಂಪೋಗಳ ನಡುವೆ ಹಾಸಿಗೆ, ಅಡುಗೆಮನೆ, ಕಕ್ಕಸು ಎಲ್ಲ ಹೊತ್ತ ಕ್ಯಾರವಾನ್‌ಗಳೂ ಕಾಣುತ್ತವೆ. ಹೋಂಸ್ಟೇ ಅಂಗಳದಲ್ಲಿ ನಿಂತ ಗಾಡಿಗೆ ಕುಡಿಯುವ ನೀರು ತುಂಬಿಸಬೇಕು, ಕಕ್ಕಸಿನ ಟ್ಯಾಂಕು ಖಾಲಿ ಮಾಡಿ ತೊಳೆಯಬೇಕು. ಎಷ್ಟೋ ಕಡೆ ಎರಡಕ್ಕೂ ಒಂದೇ ನಲ್ಲಿ, ಒಂದೇ ಹೋಸ್ ಪೈಪು. ಗಲೀಜು ಎಲ್ಲಿಗೆ ಹೋಗುತ್ತದೆ ಎಂದು ಕೇಳುವವರುಂಟು. ನೀರು ಬಂದ ಪೈಪಿನಲ್ಲೇ ಆ ಗಲೀಜು ನಲ್ಲಿಗೆ ವಾಪಸು ಹೋಗಬಹುದು ಎಂದು ಯೋಚಿಸುವವರು ಕಡಿಮೆ.

ಬ್ಯಾರೆಲ್‌ನಿಂದ ಡೀಸೆಲ್ ತೆಗೆಯುವವರು ಪೈಪಿಗೆ ಬಾಯಿ ಇಟ್ಟು ಒಮ್ಮೆ ಎಳೆದರೆ ಸಾಕು, ಆಮೇಲೆ ಅದು ತಾನಾಗಿ ಇಳಿಯುತ್ತದೆ. ಇಲ್ಲಿ ಆಗುವುದೂ ಅದೇ. ಹೋಸಿನ ತುದಿ ಹೊಲಸಿನಲ್ಲಿ ಮುಳುಗಿರುವಾಗ ನೀರುಗಂಟಿ ವಾಲ್ವ್ ಬಂದ್ ಮಾಡಿದರೆ, ಲೈನಿನಲ್ಲಿ ಉಳಿದ ನೀರು ಇಳಿಜಾರಿನ ಕೆಳಗಿನ ಮನೆಗಳ ಕಡೆಗೆ ಜಾರುತ್ತದೆ. ಅದರ ಹಿಂದೆ ಉಂಟಾಗುವ ಎಳೆತಕ್ಕೆ ಹೋಸು ಟ್ಯಾಂಕಿನಲ್ಲಿದ್ದದ್ದನ್ನು ಹೀರುತ್ತದೆ. ದಿನವಿಡೀ ನೀರಿರುವ ಊರಿನಲ್ಲಿ ಇದು ಅಪರೂಪ. ನಮ್ಮಲ್ಲಿ ಗಂಟೆ ಲೆಕ್ಕದಲ್ಲಿ ನೀರು ಬಿಡುತ್ತಾರೆ, ಗುಡ್ಡದ ಮೇಲೊಂದು ಮನೆ ಕೆಳಗೊಂದು ಮನೆ, ಸಾಲದ್ದಕ್ಕೆ ಕೆಲವರು ನಲ್ಲಿ ಲೈನಿಗೇ ಮೋಟಾರು ಹಾಕಿ ಎಳೆಯುತ್ತಾರೆ. ಕಳ್ಳ ಮೋಟಾರು ಪಕ್ಕದ ಮನೆಯ ನೀರನ್ನಷ್ಟೇ ಕದಿಯುತ್ತದೆ ಎಂದುಕೊಂಡಿದ್ದೇವೆ. ಪಕ್ಕದ ಮನೆಯ ಹೋಸು ಎಲ್ಲಿ ಮುಳುಗಿದೆಯೋ ಅದನ್ನೂ ಅದು ಎಳೆದು ತರುತ್ತದೆ.

ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್ ರಿಟರ್ನ್ ವಾಲ್ವ್ ಹಾಕಿದ್ದೇವೆ, ಭಯವಿಲ್ಲ ಎನ್ನುವವರಿಗೆ ಒಂದು ಮಾತು. ಅದರೊಳಗಿನ ಮುಚ್ಚಳದಡಿ ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ, ಮುಚ್ಚಿಲ್ಲ ಎಂಬುದು ಹೊರಗಿನಿಂದ ಗೊತ್ತಾಗುವುದೂ ಇಲ್ಲ. ನಲ್ಲಿಗೆ ಕೂರಿಸುವ ವ್ಯಾಕ್ಯೂಮ್ ಬ್ರೇಕರ್ ಅದಕ್ಕಿಂತ ಮೇಲು: ಒತ್ತಡ ಬಿದ್ದ ಕೂಡಲೇ ಹೊರಗಿನ ಗಾಳಿಯನ್ನು ಒಳಗೆ ಬಿಟ್ಟು ಎಳೆತವನ್ನೇ ಮುರಿಯುತ್ತದೆ. ಆದರೆ ಅದು ತೊಳೆಯುವ ಟ್ಯಾಂಕಿನ ನೆತ್ತಿಗಿಂತ ಕನಿಷ್ಠ ಅರ್ಧ ಅಡಿ ಎತ್ತರದಲ್ಲಿರಬೇಕು. ಹೋಸಿನ ತುದಿಗೆ ನೀರು ಚಿಮ್ಮಿಸುವ ಗನ್ ಸಿಕ್ಕಿಸಿ, ಗನ್ ಮುಚ್ಚಿ, ನಲ್ಲಿ ತೆರೆದೇ ರಾತ್ರಿಯಿಡೀ ಬಿಟ್ಟರೆ ಬ್ರೇಕರಿನೊಳಗಿನ ರಬ್ಬರು ಅಂಟಿ ಕೂರುತ್ತದೆ, ಬೇಕಾದಾಗ ಬಿಡುವುದಿಲ್ಲ. ಹೊರದೇಶದಿಂದ ತರಿಸಿದ ಬ್ರೇಕರಿನ ಥ್ರೆಡ್ ನಮ್ಮ ನಲ್ಲಿಗೆ ಸರಿಯಾಗಿ ಕೂರುವುದಿಲ್ಲ. ಟೆಫ್ಲಾನ್ ಟೇಪು ಸುತ್ತಿ ಬಲವಂತ ಮಾಡುವ ಬದಲು ಅಡಾಪ್ಟರ್ ಹಾಕಿಸಿ.

ಇವೆರಡಕ್ಕಿಂತ ಗಟ್ಟಿಯಾದದ್ದು, ಕೆಡಲು ಏನೂ ಇಲ್ಲದ್ದು, ನಡುವೆ ಬಿಡುವ ಬರೀ ಗಾಳಿ. ತೋಟದಲ್ಲಿ ಬೋರ್ಡೋ ದ್ರಾವಣಕ್ಕೆ (ಮೈಲುತುತ್ತ, ಸುಣ್ಣ ಬೆರೆಸಿದ ಸಿಂಪಡಣೆಯ ಔಷಧಿ) ಇಡುವಂಥ 200 ಲೀಟರಿನ ಡ್ರಮ್ಮು ಒಂದನ್ನು ಈ ಕೆಲಸಕ್ಕೇ ಮೀಸಲಿಡಿ. ನಲ್ಲಿಯ ಬಾಯಿ ಡ್ರಮ್ಮಿನ ಅಂಚಿಗಿಂತ ಎರಡು ಇಂಚು ಮೇಲಿರಲಿ, ಆ ನಲ್ಲಿಗೆ ಹೋಸು ಸಿಕ್ಕಿಸಲೇಬೇಡಿ. ಡ್ರಮ್ಮಿನಿಂದ ಸಣ್ಣ ಪಂಪಿನಲ್ಲಿ ಹೊಲಸಿನ ಟ್ಯಾಂಕು ತೊಳೆಯಿರಿ. ಹೊಲಸು ವಾಪಸು ಬಂದರೂ ಡ್ರಮ್ಮಿನವರೆಗೆ, ಅಷ್ಟೇ. ಅಂದ ಹಾಗೆ, ಬೋರ್ಡೋ ಡ್ರಮ್ಮಿಗೂ ಹೋಸು ಮುಳುಗಿಸಿ ನೀರು ಬಿಡುವ ರೂಢಿ ತೋಟಗಳಲ್ಲಿದೆ. ಅಲ್ಲಿ ವಾಪಸು ಬರುವುದು ಮೈಲುತುತ್ತ.

ಕೆಲಸದ ಕ್ರಮವೂ ಮುಖ್ಯ. ಕುಡಿಯುವ ನೀರನ್ನು ಮೊದಲು ತುಂಬಿಸಿ. ತುಂಬಿಸುವ ಮುನ್ನ ನಲ್ಲಿಯ ಬಾಯನ್ನು ಬ್ಲೀಚ್ ನೀರಿನಲ್ಲಿ ಒರೆಸಿ, ಒಂದು ನಿಮಿಷ ನೀರು ಹರಿಯಬಿಡಿ. ಆ ಹೋಸನ್ನು ಬಸಿದು, ಎರಡು ತುದಿಯನ್ನೂ ಒಂದಕ್ಕೊಂದು ಸಿಕ್ಕಿಸಿ ಸುತ್ತಿ ಒಳಗಿಡಿ. ಇರುವೆ, ಹಲ್ಲಿ ಹೋಗವು. ಆಮೇಲೆ ಕೈಗವಸು ಹಾಕಿ ಹೊಲಸಿನ ಕೆಲಸ. ತೊಳೆಯುವ ಹೋಸಿನ ಬಣ್ಣ ಬೇರೆಯೇ ಇರಲಿ, ಇಡುವ ಜಾಗವೂ ಬೇರೆ.

ಕಕ್ಕಸಿನ ಟ್ಯಾಂಕು ಮುಕ್ಕಾಲು ತುಂಬಿದ ಮೇಲೆ ಖಾಲಿ ಮಾಡಿ. ವಾಲ್ವ್ ಸದಾ ತೆರೆದಿಟ್ಟರೆ ನೀರು ಹರಿದುಹೋಗಿ ಗಟ್ಟಿ ಭಾಗ ಒಳಗೇ ಗುಡ್ಡೆಯಾಗುತ್ತದೆ. ಮೊದಲು ಕಕ್ಕಸಿನದು, ಆಮೇಲೆ ಸ್ನಾನ, ಪಾತ್ರೆ ತೊಳೆದ ನೀರಿನದು. ಆ ಸೋಪಿನ ನೀರು ಪೈಪನ್ನೂ ತೊಳೆದುಕೊಂಡು ಹೋಗುತ್ತದೆ. ಖಾಲಿಯಾದ ಟ್ಯಾಂಕು ತೊಳೆಯಲು ವಾಲ್ವ್ ಮುಚ್ಚಿ ನೀರು ಬಿಡುವಾಗ ಪಕ್ಕದಲ್ಲೇ ನಿಲ್ಲಿ. ನಿಮಿಷಕ್ಕೆ 10 ಲೀಟರ್ ಬಂದರೆ 80 ಲೀಟರಿನ ಟ್ಯಾಂಕಿಗೆ ಎಂಟೇ ನಿಮಿಷ ಸಾಕು. ಮೀರಿದರೆ ಚಾವಣಿಯ ಗಾಳಿಕೊಳವೆಯಿಂದಲೋ ಕಮೋಡಿನಿಂದಲೋ ಉಕ್ಕುತ್ತದೆ, ಇಲ್ಲವೇ ಟ್ಯಾಂಕೇ ಬಿರುಕು ಬಿಡುತ್ತದೆ.

ಕುಡಿಯುವ ನೀರಿನ ಟ್ಯಾಂಕಿಗೆ ಹೊಲಸು ಸೇರಿದ ಅನುಮಾನವಿದ್ದರೆ ಪೂರ್ತಿ ಖಾಲಿ ಮಾಡಿ ತೊಳೆದು, ಫಿಲ್ಟರಿನ ಕ್ಯಾಂಡಲ್ ತೆಗೆದು, 100 ಲೀಟರಿಗೆ ಶೇ 5ರ ಸೋಡಿಯಂ ಹೈಪೋಕ್ಲೋರೈಟ್ 100 ಎಂ.ಎಲ್. ಹಾಕಿ. ಬ್ಲೀಚಿಂಗ್ ಪೌಡರಾದರೆ 15 ಗ್ರಾಂ, ಬಕೆಟ್ಟಿನಲ್ಲಿ ಕದಡಿ ಮೇಲಿನ ತಿಳಿ ಮಾತ್ರ. ಘಾಟು ಹೋದ ಹಳೆ ಪೌಡರಿನಲ್ಲಿ ಸತ್ವ ಇರುವುದಿಲ್ಲ. ಪ್ರತಿ ನಲ್ಲಿಯಲ್ಲೂ ವಾಸನೆ ಬರುವವರೆಗೆ ತೆರೆದು, ಮುಚ್ಚಿ, ನಾಲ್ಕು ಗಂಟೆ ಬಿಟ್ಟು ಖಾಲಿ ಮಾಡಿ, ವಾಸನೆ ಹೋಗುವವರೆಗೆ ತೊಳೆಯಿರಿ. ಕಕ್ಕಸು ತೊಳೆಯುವ ಆಸಿಡ್ ಇದರ ಹತ್ತಿರವೂ ಬರಬಾರದು, ವಿಷದ ಗಾಳಿ ಏಳುತ್ತದೆ.

ತೊಳೆದ ಹೊಲಸು ಸೆಪ್ಟಿಕ್ ಟ್ಯಾಂಕಿಗೇ ಹೋಗಬೇಕು, ಅದೂ ಕಕ್ಕಸಿನ ಟ್ಯಾಂಕಿನ ವಾಸನೆಗೆಂದು ಹಾಕುವ ಫಾರ್ಮಾಲಿನ್ ಬೆರೆಸಿರದಿದ್ದರೆ ಮಾತ್ರ. ಫಾರ್ಮಾಲಿನ್ ಅಲ್ಲಿ ಕೆಲಸ ಮಾಡುವ ಸೂಕ್ಷ್ಮಜೀವಿಗಳನ್ನೇ ಕೊಲ್ಲುತ್ತದೆ. ಹಳ್ಳಕ್ಕೆ ಬಿಡುವವರು ಯಗಚಿ ಹೊಳೆಯ ದಾರಿ ನೆನಪಿಟ್ಟುಕೊಳ್ಳಲಿ: ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟಿ, ಬೇಲೂರಿನ ಬಳಿ ಅಣೆಕಟ್ಟಿನಲ್ಲಿ ನಿಂತು, ಚಿಕ್ಕಮಗಳೂರಿನ ನಲ್ಲಿಗಳಿಗೇ ಏರಿ ಬರುವ ನೀರು ಅದು.

ಹೋಂಸ್ಟೇ ಪರಿಶೀಲನೆಗೆ ಬರುವ ಅಧಿಕಾರಿಗಳು ಕೋಣೆ, ಮಂಚ, ಕ್ಯಾಮೆರಾ ನೋಡಿದ ಮೇಲೆ ಅಂಗಳದ ನಲ್ಲಿಯ ಹತ್ತಿರವೂ ಒಂದು ನಿಮಿಷ ನಿಲ್ಲಲಿ. ಅದಕ್ಕೆ ಹೋಸು ಸಿಕ್ಕಿಸಿದ್ದರೆ, ಅದರ ಇನ್ನೊಂದು ತುದಿಯವರೆಗೂ ನಡೆದು ನೋಡಲಿ.

– ಕೊಳಾಯಿ ಕೆಲಸಗಾರರು, ಚಿಕ್ಕಮಗಳೂರು